ತಗಡಿನ ಥೇಟರಿನಲ್ಲಿ ವ್ಯೋಮಯುದ್ಧ

ನೌಕೆಗೆ ರೆಕ್ಕೆ ಇರಕೂಡದು ಎಂದು ಮೊದಲ ದಿನವೇ ಹಟ ಹಿಡಿದವನು ನಾನು. ಗಾಳಿಯೇ ಇಲ್ಲದ ಕಡೆ ರೆಕ್ಕೆಗೆ ಏನು ಕೆಲಸ? ನನ್ನೆದುರು ನಿಂತಿದ್ದವರು ಪರದೆ ಬರೆಯುವ ಹಿರಿಯರು. ನಾಟಕ ಕಂಪನಿಯವರೆಲ್ಲ ಅವರನ್ನು ಚಾಚಾ ಎಂದು ಕರೆಯುತ್ತಿದ್ದರು. ಅವರು ಬ್ರಶ್ ಕೆಳಗಿಡದೆ, ತಾವು ಆಗಷ್ಟೇ ಮುಗಿಸಿದ್ದ ನೌಕೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಆ ನೌಕೆಗೆ ನವಿಲಿನ ಕೊರಳು, ಹದ್ದಿನ ರೆಕ್ಕೆ, ಹಿಂದೆ ಬೆಂಕಿಯ ಬಾಲ.

"ರೆಕ್ಕಿ ಇಲ್ಲಂದ್ರ ಇದು ಹಾರೂದು ಅಂತ ಮಂದೀಗೆ ಹೆಂಗ ಗೊತ್ತಾಗಬೇಕ್ರಿ, ಕವಿಗಳ?"

ಕಂಪನಿ ನಾಟಕಗಳಲ್ಲಿ ನಾಟಕ ಬರೆದವನಿಗೆ ಕವಿಗಳು ಎನ್ನುವುದು ರೂಢಿ. ನಾನು ಜೀವಮಾನದಲ್ಲಿ ಒಂದೂ ಕವಿತೆ ಬರೆದವನಲ್ಲ, ಹಾಗೆ ಕರೆದಾಗಲೆಲ್ಲ ತಕರಾರು ಮಾಡುತ್ತಿದ್ದೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಇಳಕಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ವಾರಪತ್ರಿಕೆಯೊಂದರಲ್ಲಿ ಬಾಹ್ಯಾಕಾಶದ ನಾಲ್ಕಾರು ಕಥೆಗಳು ಬಂದಿದ್ದವು, ಅಷ್ಟೆ.

ಅದು ೧೯೮೪ರ ಬೇಸಿಗೆ. ನಮ್ಮ ದೇಶದವರೊಬ್ಬರು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಹೋಗಿ ಬಂದಿದ್ದರು. ಚಹಾದಂಗಡಿಯಿಂದ ಕ್ಷೌರದಂಗಡಿಯವರೆಗೆ ಅದೇ ಮಾತು. ಊರ ಹೊರಗಿನ ಬಯಲಿನಲ್ಲಿ ತಗಡಿನ ಥೇಟರು ಹಾಕಿಕೊಂಡು ಒಂದು ನಾಟಕ ಕಂಪನಿ ಮುಕ್ಕಾಂ ಮಾಡಿತ್ತು. ಅದರ ಮಾಲಕಿ ಐವತ್ತು ದಾಟಿದ ನಟಿ. ರಾಣಿಯ ಪಾತ್ರಗಳಿಗೆ ಈ ಭಾಗದಲ್ಲೆಲ್ಲ ಹೆಸರಾದವರು. ಒಂದು ಬೆಳಿಗ್ಗೆ ಕಂಪನಿಯ ಹಾಸ್ಯನಟನನ್ನು ಜೊತೆಗೆ ಕರೆದುಕೊಂಡು ಅವರು ನಮ್ಮ ಮನೆಗೆ ಬಂದರು.

"ಆಕಾಶದಾಗ ಯುದ್ಧ ಆಗಬೇಕ್ರಿ. ಸುಳ್ಳಸುಳ್ಳ ಅಲ್ಲ, ಖರೇ ಅನ್ನಿಸಬೇಕು. ಗಂಧರ್ವರು ಇಳಿಯೂದು, ರಾಕ್ಷಸರು ಹಾರೂದು ಎಲ್ಲಾ ತೋರಿಸಿ ಆತು. ಈಗ ಮಂದಿ ಪೇಪರ್ ಓದ್ಯಾರ. ಈ ಮುಕ್ಕಾಂ ನಡೀಲಿಲ್ಲಂದ್ರ ನಾ ತಗಡ ಮಾರಿ, ನನ್ನ ಮಂದೀನ ಅವರವರ ಮನಿಗೆ ಕಳಸ್ತೇನಿ. ಅದಕ್ಕ ಮದಲ ಇದೊಂದು ನೋಡೂಣು ಅಂತ ಬಂದೇನಿ."

"ಅಕ್ಕಾರ ಮನಿಗೆ ಕಳಸ್ತೇನಿ ಅಂತಾರ. ನನಗ ಮನಿ ಎಲ್ಲೈತಿ ಅನ್ನೂದ ಮರತೈತಿ," ಎಂದ ಹಾಸ್ಯನಟ. ಅವನು ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ. ನಾನು ಒಪ್ಪಿಕೊಂಡೆ.

ಇದನ್ನು ಬರೆಯುವಾಗ ಆ ಬೇಸಿಗೆಯ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅದರಲ್ಲಿ ಲೆಕ್ಕಗಳು ಹೆಚ್ಚು, ಮಾತುಗಳು ಕಡಿಮೆ. ಇಲ್ಲಿನ ಮಾತುಕತೆಯೆಲ್ಲ ನೆನಪಿನದು. ನೆನಪು ನನಗೆ ಅನುಕೂಲವಾಗುವಂತೆ ಎಷ್ಟು ತಿದ್ದಿಕೊಂಡಿದೆಯೋ ನಾನು ಹೇಳಲಾರೆ.

ಕಥೆ ಸರಳವಾಗಿತ್ತು. ಚಂದ್ರನ ಮೇಲೆ ನೆಲೆಸಿದ್ದ ಕುಟುಂಬಗಳನ್ನು ಭೂಮಿಗೆ ಮರಳಿ ತರುವ ನೌಕೆ. ಮಾಲಕಿಯೇ ಅದರ ನಾಯಕಿ. ದಾರಿಯಲ್ಲಿ ಅದನ್ನು ಹಿಡಿಯಲು ಬರುವ ಶತ್ರುವಿನ ನೌಕೆ. ಕಷ್ಟವಿದ್ದದ್ದು ನೌಕೆಯಲ್ಲಿ. ರಜೆ ಶುರುವಾಗಿತ್ತು. ಲಾಗರಿದಮ್ ಪುಸ್ತಕ ಹಿಡಿದು ಲೆಕ್ಕಕ್ಕೆ ಕೂತೆ. ಅಂಥ ನೌಕೆಯ ತೂಕದಲ್ಲಿ ಬಹುಪಾಲು ಇಂಧನವೇ ಆಗಿರುತ್ತದೆ. ಹಾಗಾಗಿ ಅದರ ಆಕಾರವೆಂದರೆ ಸಾಲಾಗಿ ಜೋಡಿಸಿದ ದೊಡ್ಡ ಗುಂಡು ಟಾಂಕಿಗಳು, ಅವನ್ನು ಹಿಡಿದಿಡುವ ಕಂಬಿಗಳ ಚೌಕಟ್ಟು, ತುದಿಯಲ್ಲಿ ಮನುಷ್ಯರಿರುವ ಸಣ್ಣ ಕೋಣೆ. ಚೂಪು ಮೂತಿ ಬೇಡ, ಸೀಳಿಕೊಂಡು ಹೋಗಲು ಅಲ್ಲಿ ಗಾಳಿಯಿಲ್ಲ. ಸ್ಕೂಟರಿನಂತೆ ತಿರುವಿನಲ್ಲಿ ವಾಲಿ ತಿರುಗುವುದೂ ಇಲ್ಲ. ನಿಲ್ಲಬೇಕೆಂದರೆ ಇಡೀ ನೌಕೆಯ ಬೆನ್ನನ್ನು ಮುಂದಕ್ಕೆ ತಿರುಗಿಸಿ ಎಂಜಿನ್ ಉರಿಸಬೇಕು.

ಚಾಚಾ ನನ್ನ ನಕ್ಷೆಯನ್ನು ನೇರ ಹಿಡಿದೂ ತಲೆಕೆಳಗು ಹಿಡಿದೂ ನೋಡಿದರು. "ಇದು ನೌಕಾ ಅಲ್ರಿ," ಎಂದರು ಕೊನೆಗೆ, "ಹಂಡೇದ ಅಂಗಡಿ."

ಆದರೂ ಕಟ್ಟಿಕೊಟ್ಟರು. ಮೊದಲು ಕುಂಬಾರರ ಗಡಿಗೆಗಳಿಗೆ ಬೆಳ್ಳಿ ಬಣ್ಣ ಬಳಿದು ಬಿದಿರಿನ ಚೌಕಟ್ಟಿಗೆ ಬಿಗಿದೆವು. ರಂಗದ ಅಡ್ಡಕ್ಕೆ ಕಟ್ಟಿದ್ದ ತಂತಿ ಆ ಭಾರಕ್ಕೆ ಜೋತು, ನೌಕೆ ನೆಲಕ್ಕೆ ಬಂದು ಚೂರಾಯಿತು. ಆಮೇಲೆ ಹೊಸ ಗಡಿಗೆಗಳ ಮೇಲೆ ನೆನೆಸಿದ ಕಾಗದ ಮೆತ್ತಿ, ಒಣಗಿಸಿ, ಒಳಗಿನ ಗಡಿಗೆ ಒಡೆದು ತೆಗೆದು, ಹಗುರಾದ ಗೋಳಗಳನ್ನು ಮಾಡಿದರು. ನಟರು ಕೂರುವ ನೌಕೆಯ ಕೋಣೆ ರಂಗದ ಮೇಲೆ ಬೇರೆಯೇ; ಅದಕ್ಕೆ ಹಳೆಯ ಅರಮನೆ ಪರದೆಯ ಬೆನ್ನು, ಬಾಗಲಕೋಟೆಯ ಗುಜರಿಯಿಂದ ತಂದ ಲಾರಿ ಮೀಟರುಗಳು. ನಾಯಕಿಯ ಉಡುಪಿಗೆ ಡೇರೆ ಬಟ್ಟೆಗೆ ಬೆಳ್ಳಿ ಬಣ್ಣ ಹೊಡೆದು ಹೊಲಿಸಿದ ನಿಲುವಂಗಿ. ಅದನ್ನು ಹಾಕಿಕೊಂಡರೆ ಒಳಗೆ ಒಂದಿಷ್ಟೂ ಗಾಳಿಯಾಡುತ್ತಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಲೆಕ್ಕದಲ್ಲಿ ಒಂದು ತೊಡಕು ಕಂಡಿತು. ಎಂಜಿನ್, ಆಯುಧ, ಮನುಷ್ಯರ ಮೈ ಎಲ್ಲವೂ ಕಾವು ಹುಟ್ಟಿಸುತ್ತವೆ. ಅದನ್ನು ಒಯ್ಯಲು ಹೊರಗೆ ಗಾಳಿ ಇಲ್ಲ. ಕಾವನ್ನು ಹೊರಚೆಲ್ಲಲು ದೊಡ್ಡ ತೆಳ್ಳನೆಯ ಹಲಗೆಗಳನ್ನು ಎರಡೂ ಪಕ್ಕಕ್ಕೆ ಚಾಚಬೇಕು. ಮರುದಿನ ಇದನ್ನು ವಿವರಿಸಲು ಮನೆಯಿಂದ ಥರ್ಮಾಸ್ ತೆಗೆದುಕೊಂಡು ಹೋದೆ.

"ಇದರ ಗೋಡೆ ನಡುವೆ ಗಾಳಿ ಇಲ್ಲ. ಅದಕ್ಕೇ ಒಳಗಿನ ಚಹಾ ಆರೋದಿಲ್ಲ. ನೌಕೆಯ ಸುತ್ತಲೂ ಹೀಗೆಯೇ ಗಾಳಿ ಇಲ್ಲ."

"ಅಂದ್ರ ನಾವು ಚಹಾ ಏನ್ರಿ?" ಎಂದ ಹಾಸ್ಯನಟ.

"ಹೌದು."

"ಮತ್ತ ಸಕ್ಕರಿ ಕಡಿಮಿ ಹಾಕ್ರಿ. ಅಕ್ಕಾರಿಗೆ ಶುಗರ್ ಐತಿ."

ಚಾಚಾ ಮಾತ್ರ ನಕ್ಷೆಯನ್ನೇ ನೋಡುತ್ತಿದ್ದರು. "ಹದಿನೈದು ದಿವಸ ರೆಕ್ಕಿ ಬ್ಯಾಡ ರೆಕ್ಕಿ ಬ್ಯಾಡ ಅಂದ್ರಿ. ಈಗ ನೀವ ಎರಡೂ ಕಡೆ ರೆಕ್ಕಿ ಬರದೀರಿ!"

ಅವು ರೆಕ್ಕೆಗಳಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ತೆಳ್ಳನೆಯ ತಗಡಿಗೆ ಕೆಂಪು ಜಿಲೇಟಿನ್ ಕಾಗದ ಹಚ್ಚಿ, ಹಿಂದೆ ಬಲ್ಬ್ ಇಟ್ಟು, ಹಗ್ಗ ಎಳೆದರೆ ಬಿಚ್ಚುವ, ಬಿಟ್ಟರೆ ಮಡಚುವ ಎರಡು ರೆಕ್ಕೆಗಳನ್ನು ಅವರು ಮೂರು ದಿನದಲ್ಲಿ ಮಾಡಿ ರಂಗದ ಕೋಣೆಯ ಎರಡೂ ಬದಿಗೆ ಕೂರಿಸಿದರು. ನಾಟಕದಲ್ಲಿ ಅವುಗಳ ಬಗ್ಗೆ ನಾನು ಬರೆದದ್ದು ಒಂದೇ ಸಾಲು: "ನೌಕೆಯ ಕಾವು ಏರುತ್ತಿದೆ." ವಿಜ್ಞಾನಕ್ಕೆ ಅಷ್ಟು ಸಾಕು ಎಂದುಕೊಂಡಿದ್ದೆ.

ಯುದ್ಧದ ವಿಷಯದಲ್ಲಿ ಮಾತ್ರ ಸೋತೆ. ಎರಡು ನೌಕೆಗಳ ನಡುವೆ ಸಾವಿರಾರು ಮೈಲಿ ಇರುತ್ತದೆ, ಒಬ್ಬರಿಗೊಬ್ಬರು ಕಾಣುವುದೇ ಇಲ್ಲ, ಹೊರಗೆ ಸದ್ದೂ ಇರುವುದಿಲ್ಲ ಎಂದು ಹೇಳಿದಾಗ ಪೇಟಿ ಮಾಸ್ತರರಿಗೆ ಸಿಟ್ಟೇ ಬಂತು. ಮೂವತ್ತು ವರ್ಷ ಆ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವರು. "ಸಪ್ಪಳ ಇಲ್ಲಂದ್ರ ನಾ ಏನ ಮಾಡ್ಲಿ? ಪೇಟಿ ತಲಿದಿಂಬ ಮಾಡ್ಕೊಂಡು ಮಲಗ್ಲಿ?" ಮಾಲಕಿಯೂ ಅವರ ಪರ ನಿಂತರು. "ಸಪ್ಪಳ ಇಲ್ಲದ ಜಗಳ ಯಾರ ನೋಡ್ತಾರ್ರಿ, ಕವಿಗಳ? ನಮ್ಮ ಓಣ್ಯಾಗಿನ ಜಗಳಕ್ಕೂ ಸಪ್ಪಳ ಬೇಕು." ಹೀಗೆ ನೌಕೆ ನನ್ನದಾಯಿತು, ಯುದ್ಧ ಅವರದಾಯಿತು. ಎದುರುಬದುರು ತಂತಿಯ ಮೇಲೆ ಎರಡು ನೌಕೆ, ಪಟಾಕಿ, ಹೊಗೆ, ತಬಲಾ, ಪೇಟಿ.

ಮೊದಲ ಆಟಕ್ಕೆ ಥೇಟರು ತುಂಬಿತ್ತು. ಶತ್ರುವಿನ ನೌಕೆ ಢಂ ಎಂದು ಸಿಡಿದು ಎರಡು ಹೋಳಾಯಿತು. ಜನ ಎದ್ದು ನಿಂತು ಕೂಗಿದರು: "ವನ್ಸ್ ಮೋರ್!"

ಕಂಪನಿ ನಾಟಕದಲ್ಲಿ ಆ ಕೂಗಿಗೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಸತ್ತ ರಾಜನೂ ಎದ್ದು ಕೂತು, ಸಾಯುವ ಮುಂಚಿನ ಹಾಡನ್ನು ಮತ್ತೆ ಹಾಡಿ ಮತ್ತೆ ಸಾಯಬೇಕು. ಇಲ್ಲವೆಂದರೆ ಜನಕ್ಕೆ ಅವಮಾನ ಮಾಡಿದಂತೆ. ಪೇಟಿ ಮಾಸ್ತರರ ಬೆರಳು ಅಭ್ಯಾಸಬಲದಿಂದ ಮತ್ತೆ ಯುದ್ಧದ ಧಾಟಿ ಹಿಡಿಯಿತು. ಸಿಡಿದ ನೌಕೆಯ ಎರಡು ಹೋಳುಗಳು ತಂತಿಯ ಮೇಲೆ ಹಿಂದಕ್ಕೆ ಸರಿದು ಪಕ್ಕದ ಪರದೆಯೊಳಗೆ ಹೋದವು. ಚಾಚಾ ಅವನ್ನು ದಾರದಿಂದ ಬಿಗಿದು ಕಳಿಸಿದರು. ಮತ್ತೆ ಸಿಡಿಯಿತು. ಮತ್ತೆ ಕೂಗು. ಮೂರನೆಯ ಸಲ ತಂತಿಗಳು ಒಂದಕ್ಕೊಂದು ತೊಡರಿ, ಗೆದ್ದ ನಮ್ಮ ನೌಕೆಗೇ ಬೆಂಕಿ ಹತ್ತಿತು. ಮಾಲಕಿ ಹಿಂದೆಮುಂದೆ ನೋಡದೆ, ಬೆಳ್ಳಿ ನಿಲುವಂಗಿಯಲ್ಲೇ ಕೋಣೆಯಿಂದ ಹೊರಬಂದು, ಪಕ್ಕದಲ್ಲಿದ್ದ ನೀರಿನ ಕೊಡವನ್ನು ನೌಕೆಯ ಮೇಲೆ ಸುರಿದರು.

ಹಾಸ್ಯನಟ ಕೋಣೆಯಿಂದ ತಲೆ ಹೊರಹಾಕಿ ಕೇಳಿದ: "ಅಕ್ಕಾರ, ಆಕಾಶದಾಗ ನಳ ಬಂತೇನ್ರಿ?"

ಅಂದು ಜನ ನಕ್ಕಷ್ಟು ನಾನು ಆ ಥೇಟರಿನಲ್ಲಿ ನಗು ಕೇಳಿರಲಿಲ್ಲ. ಆದರೆ ಒಂದು ವಾರದಲ್ಲಿ ಆ ನಗು ಹಳತಾಯಿತು. ಬೆಂಕಿ ಹತ್ತುತ್ತದೆಂದು ಬಂದವರು, ಹತ್ತದಿದ್ದಾಗ ಬೇಸರಪಟ್ಟು ಹೋದರು. ಹಿಂದಿನ ಬೆಂಚುಗಳು ಖಾಲಿಯಾದವು. ಹುನಗುಂದದ ಒಬ್ಬ ವ್ಯಾಪಾರಿ ಬಂದು ತಗಡುಗಳನ್ನು ತಟ್ಟಿ ನೋಡಿಕೊಂಡು ಹೋದ. ಅವನು ಹೋದಮೇಲೆ ಚಾಚಾ ಅವನು ತಟ್ಟಿದ್ದ ತಗಡಿನ ಮೊಳೆಯನ್ನು ಸುತ್ತಿಗೆಯಿಂದ ಮತ್ತೆ ಬಿಗಿದರು.

ಮರುದಿನ ಮಧ್ಯಾಹ್ನ ತಾಲೀಮಿಗೆ ಸೇರಿದೆವು. ಏನನ್ನು ತಿದ್ದಬೇಕೆಂದು ನನಗೆ ತಿಳಿದಿರಲಿಲ್ಲ. ಮಾಲಕಿ ನಿಲುವಂಗಿ ತೊಟ್ಟು ಕೋಣೆಯಲ್ಲಿ ಕೂತಿದ್ದರು. ನಡುವೆ ಕರೆಂಟು ಹೋಯಿತು. ಥೇಟರಿನ ಎರಡೂ ಬದಿಗೆ ಇದ್ದ ದೊಡ್ಡ ಫ್ಯಾನುಗಳು ನಿಧಾನವಾಗಿ ನಿಂತವು. ಅಷ್ಟು ದಿನ ಅವುಗಳ ಗರಗರ ಸದ್ದು ಎಷ್ಟಿತ್ತೆಂಬುದು ನಿಂತಾಗಲೇ ತಿಳಿದದ್ದು. ಮೇ ತಿಂಗಳ ಬಿಸಿಲು ತಗಡಿನಿಂದ ನೇರ ನಮ್ಮ ನೆತ್ತಿಗೆ ಇಳಿಯತೊಡಗಿತು. ಕರೆಂಟು ಹೋದರೂ ತಾಲೀಮು ನಿಲ್ಲಿಸುವವರಲ್ಲ ಮಾಲಕಿ. ಹಣೆಯಿಂದ ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಕಾವು ಏರುವ ಆ ಸಾಲನ್ನು ನನ್ನ ಪುಸ್ತಕದ ಭಾಷೆ ಬಿಟ್ಟು, ಮೆಲ್ಲಗೆ ಹೇಳಿದರು:

"ನೌಕಾ ಕಾಯಾಕತ್ತೈತಿ."

ಸದ್ದಿಲ್ಲದ ಆ ತಗಡಿನ ಡಬ್ಬಿಯೊಳಗೆ ನಾವೆಲ್ಲ ಆಗಲೇ ಬಾಹ್ಯಾಕಾಶದಲ್ಲಿದ್ದೆವು.

ಯುದ್ಧದ ವೇಳೆ ಫ್ಯಾನುಗಳನ್ನು ನಿಲ್ಲಿಸಬೇಕೆಂದು ಮೊದಲು ಹೇಳಿದವರು ಯಾರು? ನಾನೇ ಎಂದು ನೆನಪು ಹೇಳುತ್ತದೆ. ದಿನಚರಿಯಲ್ಲಿ ಯಾರ ಹೆಸರೂ ಇಲ್ಲ. ಮುಂದೊಮ್ಮೆ ಕೇಳಿದಾಗ ಚಾಚಾ ಅದು ಪೇಟಿ ಮಾಸ್ತರರ ಮಾತು ಎಂದರು. ಮಾಸ್ತರರು ಚಾಚಾರ ಕಡೆ ಕೈ ತೋರಿಸಿದರು. ಅವರಿಬ್ಬರೂ ಬೇರೆಯವರಿಗೆ ಬಿಟ್ಟುಕೊಟ್ಟದ್ದನ್ನು ನಾನು ಎತ್ತಿಕೊಳ್ಳಲು ಹಿಂಜರಿಯುತ್ತೇನೆ.

ಯುದ್ಧವನ್ನು ಹೊಸದಾಗಿ ಬರೆದೆ. ಪಟಾಕಿ ಇಲ್ಲ, ತಂತಿ ಇಲ್ಲ. ಶತ್ರುವಿನ ನೌಕೆ ಎಂದರೆ ಕಪ್ಪು ಪರದೆಯ ತೂತಿನ ಹಿಂದೆ ಉರಿಯುವ ಒಂದು ಸಣ್ಣ ಬಲ್ಬು. ನಿಯಮ ಒಂದೇ. ರೆಕ್ಕೆ ಬಿಚ್ಚಿದರೆ ನೌಕೆ ತಣಿಯುತ್ತದೆ, ಆದರೆ ರೆಕ್ಕೆಯಷ್ಟು ಸುಲಭದ ಗುರಿ ಇನ್ನೊಂದಿಲ್ಲ. ಮಡಚಿಕೊಂಡರೆ ಗುರಿ ಸಣ್ಣದು, ಆದರೆ ಒಳಗಿನವರು ಬೇಯುತ್ತಾರೆ. ಹೊಡೆಯಲು ಹೋದರೆ ಕಾವು ಇನ್ನಷ್ಟು. ಎರಡೂ ಕಡೆಯವರು ಮಡಚಿಕೊಂಡು ಕಾಯುತ್ತಾರೆ. ಕೊನೆಗೆ ಶತ್ರು ತಾಳಲಾರದೆ ಬಿಚ್ಚುತ್ತಾನೆ, ನಾಯಕಿ ಹೊಡೆಯಲು ಆಜ್ಞೆ ಕೊಡುತ್ತಾಳೆ, ಶತ್ರುವಿನ ಬಲ್ಬು ಆರುತ್ತದೆ, ಫ್ಯಾನುಗಳು ತಿರುಗುತ್ತವೆ. ಫ್ಯಾನುಗಳ ಸ್ವಿಚ್ಚುಗಳನ್ನು ಪೇಟಿ ಮಾಸ್ತರರಿಗೆ ಒಪ್ಪಿಸಿದೆವು. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರಷ್ಟು ತಿಳಿದವರು ಇನ್ಯಾರೂ ಇರಲಿಲ್ಲ. "ಕಡೀಕ ನನ್ನ ಕೈಯಾಗ ಗಾಳಿ ಪೇಟಿ ಕೊಟ್ರಲ್ಲ," ಎಂದು ಗೊಣಗಿದರೂ, ಪ್ರತಿ ಸ್ವಿಚ್ಚನ್ನೂ ಒತ್ತಿ ನೋಡಿ ಗುರುತು ಹಾಕಿಕೊಂಡರು.

ಜನ ಸಿಟ್ಟಿಗೇಳಬಹುದೆಂಬ ಹೆದರಿಕೆ ನನಗಿತ್ತು. ಮಾಲಕಿ ನಿರ್ಧರಿಸಿದರು: "ಐತವಾರ ಮ್ಯಾಟಿನಿಗೆ ಮಾಡೂಣು. ಭಾಳ ಮಂದಿ ಇರೂದಿಲ್ಲ. ಕೆಡೂದಿದ್ರ ಅಲ್ಲೇ ಕೆಡ್ಲಿ. ಸೋಮವಾರ ಆ ತಗಡಿನ್ಯಾವ ಮತ್ತ ಬರ್ತಾನ."

ಭಾನುವಾರ ಮಧ್ಯಾಹ್ನ ಬಂದವರಲ್ಲಿ ಹೆಂಗಸರೇ ಹೆಚ್ಚು. ನೇಕಾರರ ಮನೆಯವರು, ಗುಡೂರಿನಿಂದ ಸಂತೆಗೆ ಬಂದು ಉಳಿದವರು. ಮೊದಲ ಎರಡು ಅಂಕ ಎಂದಿನಂತೆ ನಡೆದವು. ಯುದ್ಧದ ದೃಶ್ಯಕ್ಕೆ ದೀಪಗಳು ಕುಗ್ಗಿದವು. ಚಾಚಾ ಹಗ್ಗ ಸಡಿಲಿಸಿದರು, ಕೆಂಪು ರೆಕ್ಕೆಗಳು ಮಡಚಿಕೊಂಡವು. ಪೇಟಿ ಮಾಸ್ತರರು ಒಂದೊಂದಾಗಿ ಫ್ಯಾನು ನಿಲ್ಲಿಸಿದರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಜನ ಹಿಂದೆ ತಿರುಗಿ ನೋಡತೊಡಗಿದರು. ಗಂಡಸರ ಕಡೆಯಿಂದ ಒಬ್ಬ ಕೂಗಿದ: "ಏ, ಫ್ಯಾನ ಹಚ್ರೋ! ಜೀವ ಹೊಂಟೈತಿ!"

ಇದಕ್ಕೆ ನನ್ನ ಬರಹದಲ್ಲಿ ಉತ್ತರವಿರಲಿಲ್ಲ. ನೌಕೆಯೊಳಗಿಂದ ಹಾಸ್ಯನಟ, ನಗಿಸುವ ದನಿ ಬಿಟ್ಟು, ಪಿಸುಮಾತಿಗಿಂತ ಸ್ವಲ್ಪ ಗಟ್ಟಿಯಾಗಿ ಹೇಳಿದ: "ಫ್ಯಾನ ಹಚ್ಚಿದ್ರ ರೆಕ್ಕಿ ಬಿಚ್ಚಬೇಕಾಕ್ಕೈತೆಪಾ. ರೆಕ್ಕಿ ಬಿಚ್ಚಿದ್ರ ಅವ ಹೊಡೀತಾನ. ಸುಮ್ಮ ಕುಂಡ್ರೋ ತಮ್ಮಾ. ನಮಗೂ ಸುಡಾಕತ್ತೈತಿ."

ಕೂಗಿದವನು ಕೂತುಕೊಂಡ. ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಆ ಬಟ್ಟೆಯ ಮೆಲುಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಪಕ್ಕದ ಪರದೆಯ ಹಿಂದಿನಿಂದ ನೋಡುತ್ತಿದ್ದೆ. ಎಲ್ಲರ ಕಣ್ಣು ಕಪ್ಪು ಪರದೆಯ ಆ ಒಂದು ಬಿಂದುವಿನ ಮೇಲಿತ್ತು.

ಬಿಂದುವಿನ ಎರಡೂ ಪಕ್ಕಕ್ಕೆ ತೆಳುವಾದ ಕೆಂಪು ಗೆರೆ ಮೂಡಿತು. ಶತ್ರು ರೆಕ್ಕೆ ಬಿಚ್ಚಿದ್ದ. ಹಾಸ್ಯನಟ ಆಯುಧದ ಹಿಡಿಕೆಯ ಮೇಲೆ ಕೈಯಿಟ್ಟು ಆಜ್ಞೆಗೆ ಕಾದ. ಮಾಲಕಿ "ಹೊಡೀರಿ" ಎನ್ನಬೇಕಿತ್ತು. ಅನ್ನಲಿಲ್ಲ. ಮಾತು ಮರೆತರೆಂದು ನಾನು ಪರದೆಯ ಹಿಂದಿನಿಂದ ಪಿಸುಗುಟ್ಟಿದೆ. ಅವರು ನನ್ನ ಕಡೆ ನೋಡಲಿಲ್ಲ. ಮುಂದೆ ಕೂತ ಜನರನ್ನು ನೋಡಿದರು. ಆ ಕೆಂಪು ಗೆರೆಯನ್ನು ನೋಡಿದರು.

"ಅವರೂ ಬೆಂದಾರ," ಎಂದರು. "ಹೊಡೀಬ್ಯಾಡ್ರಿ. ನಮ್ಮ ರೆಕ್ಕೀನೂ ಬಿಚ್ಚ್ರಿ."

ಶತ್ರುವಿನ ಬಲ್ಬು ಆರಿದಮೇಲೆ ಫ್ಯಾನು ಎಂದು ಎಲ್ಲರಿಗೂ ಹೇಳಿಟ್ಟಿದ್ದೆ. ಬಲ್ಬು ಉರಿಯುತ್ತಲೇ ಇತ್ತು. ಚಾಚಾ ಒಂದು ಕ್ಷಣವೂ ತಡಮಾಡದೆ ಹಗ್ಗ ಎಳೆದರು. ರೆಕ್ಕೆಗಳು ಬಿಚ್ಚಿಕೊಂಡು ಕೆಂಪಗೆ ಬೆಳಗಿದವು. ಪೇಟಿ ಮಾಸ್ತರರು ಕಣ್ಣು ಮುಚ್ಚಿ, ಒಂದು ಹಾಡಿಗೆ ಶ್ರುತಿ ಹಿಡಿಯುವಷ್ಟು ಹೊತ್ತು ಕಾದು, ಎಲ್ಲ ಸ್ವಿಚ್ಚುಗಳನ್ನೂ ಒಟ್ಟಿಗೆ ಒತ್ತಿದರು.

ಗಾಳಿ ಬಂತು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಜನರ ಹೆಗಲುಗಳು ಸಡಿಲವಾಗುತ್ತ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಉಸ್ಸೆಂದು ಉಸಿರು ಬಿಟ್ಟು, ಪಕ್ಕದವಳಿಗೆ ಹೇಳಿದ್ದು ಇಡೀ ಥೇಟರಿಗೆ ಕೇಳಿಸಿತು:

"ಉಳಕೊಂಡ್ವಿ ನೋಡವಾ."

ನಾನು ಮಾಡಿದ ಎಲ್ಲ ಲೆಕ್ಕಗಳಿಗೆ ಸಿಕ್ಕ ಅತಿ ದೊಡ್ಡ ಪ್ರಮಾಣಪತ್ರ ಅದು. ಅವರು ಉಳಿದರು ಎನ್ನಲಿಲ್ಲ ಆಕೆ, ಉಳಕೊಂಡ್ವಿ ಎಂದಳು.

ಆಟ ಮುಗಿದಮೇಲೆ ಮಾಲಕಿ ನಿಲುವಂಗಿ ಕಳಚಿ, ಮಡಕೆಯ ನೀರು ಕುಡಿಯುತ್ತ ಕೂತಿದ್ದರು. ಶತ್ರುವನ್ನು ಉಳಿಸುವ ಆ ಅದ್ಭುತ ಯೋಚನೆ ಹೇಗೆ ಬಂತೆಂದು ಕೇಳಿದೆ.

"ಖರೆ ಹೇಳ್ಲೇನ್ರಿ? ನನಗ ತಡೀಲಿಲ್ಲ. ಇನ್ನೊಂದು ಗಳಿಗಿ ಆಗಿದ್ರ ನಾ ಅಲ್ಲೇ ಬೀಳ್ತಿದ್ದೆ." ಲೋಟ ಕೆಳಗಿಟ್ಟು ಸ್ವಲ್ಪ ಯೋಚಿಸಿ ಹೇಳಿದರು, "ಮತ್ತ ಆ ಕಡೇ ನೌಕಾದಾಗೂ ನನ್ನಂಥಾ ಒಬ್ಬಾಕಿ ಇಂಥಾದ ಅಂಗಿ ಹಾಕ್ಕೊಂಡು ಕುಂತಿರಬೇಕಲ್ಲ ಅನ್ನಿಸ್ತು."

ಯಾವುದು ಮೊದಲು, ಬಿಸಿಲೋ ಆ ಇನ್ನೊಬ್ಬಳೋ, ನಾನು ಕೆದಕಲಿಲ್ಲ. ನನ್ನ ನಾಟಕದ ಕೊನೆಯನ್ನು ಅಂದೇ ತಿದ್ದಿ ಬರೆದೆ. ಅದು ಅವರ ಕೊನೆ.

ಮರುದಿನದ ಆಟಕ್ಕೆ, ಮ್ಯಾಟಿನಿ ನೋಡಿದವರೇ ಮನೆಯವರನ್ನು ಕಟ್ಟಿಕೊಂಡು ಬಂದರು, ಕೈಯಲ್ಲಿ ಬೀಸಣಿಗೆ. ಮಾಲಕಿ ಬಾಗಿಲಲ್ಲಿ ನಿಂತುಬಿಟ್ಟರು. "ಬೀಸಣಿಕಿ ಇಲ್ಲೇ ಇಟ್ಟು ಒಳಗ ಹೋಗ್ರಿ. ಆಕಾಶದಾಗ ನಡಿಯಂಗಿಲ್ಲ." ಜನ ನಗುತ್ತ, ಚಪ್ಪಲಿ ಬಿಡುವಂತೆ, ಬೀಸಣಿಗೆಗಳನ್ನು ಬಾಗಿಲ ಬಳಿ ರಾಶಿ ಹಾಕಿ ಒಳಗೆ ಹೋದರು.

ಹುನಗುಂದದ ವ್ಯಾಪಾರಿಯೂ ಆ ದಿನ ಬಂದಿದ್ದ. ಆಟ ಮುಗಿಸಿ ಹೊರಬಂದವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಾಲಕಿಯ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಅವರೇ ಹೇಳಿದರು: "ಇವು ಮಾರೂವಲ್ರಿ ಯಜಮಾನ್ರ. ಮಳಿ ಹಿಡಿಯೂದ್ರಾಗ ಕೆರೂರ ಮುಕ್ಕಾಂಗೆ ಹೋಗಬೇಕಾಗ್ಯಾವ."

ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಾಲೇಜಿನ ಸೂಟಿ ಎಲ್ಲೀತನಕ ಐತ್ರಿ, ಕವಿಗಳ?" ಎಂದು ಕೇಳಿದರು.

ಆ ಹೆಸರಿಗೆ ಅಂದು ಮೊದಲ ಬಾರಿಗೆ ಏನೂ ತಕರಾರು ಮಾಡದೆ ಓಗೊಟ್ಟೆ.